ತೊಟ್ಟಿಲಿನ ಭಾರಪರೀಕ್ಷೆ

ಪಿಎಚ್.ಡಿ. ಅರ್ಜಿಯಲ್ಲಿ ಎರಡು ವಿಷಯ ಬರೆಯಲು ಹೇಳಿದ್ದರು: ನನ್ನ ಹಿನ್ನೆಲೆ, ನನ್ನ ಗುರಿ. ಹಿನ್ನೆಲೆ ಸುಲಭ. ಗದಗಿನ ನಮ್ಮ ಮನೆಯಲ್ಲಿ ಸ್ಟೂಲು, ಕೊಡೆ, ತಮ್ಮನ ಸೈಕಲ್ಲು ಎಲ್ಲವನ್ನೂ ಮುರಿದವನು ನಾನೇ. ಅದನ್ನು 'ಬಾಲ್ಯದಿಂದಲೂ ಪ್ರಯೋಗಾಸಕ್ತಿ' ಎಂದು ಬರೆದೆ. ಓದಿದ್ದು ಸಾಲಿಡ್ ಮೆಕ್ಯಾನಿಕ್ಸ್. ಗುರಿ: ಭಾರ ಬಿದ್ದಾಗ ವಸ್ತು ಎಲ್ಲಿ, ಏಕೆ ಮುರಿಯುತ್ತದೆಂದು ಮೊದಲೇ ಹೇಳುವುದು!

ಸಂದರ್ಶನ ಬೆಳಿಗ್ಗೆ ಹನ್ನೊಂದಕ್ಕೆ, ಲ್ಯಾಪ್‌ಟಾಪಿನಲ್ಲೇ. ಹತ್ತು ಗಂಟೆಗೆ, ಕೊಡಿಗೇಹಳ್ಳಿಯಲ್ಲಿ ನಾನು ಬಾಡಿಗೆಗಿದ್ದ ಮಹಡಿ ಮನೆಯ ಓನರ್ ಜಯಮ್ಮನವರು ಕೆಳಗಿನಿಂದ ಕೂಗಿದರು. ಮರುದಿನ ಮೊಮ್ಮಗಳ ನಾಮಕರಣ. ಹಳೇ ಹಜಾರದ ತೊಲೆಗೆ ತೊಟ್ಟಿಲು ಕಟ್ಟಬೇಕಿತ್ತು.

"ತೊಲೆ ತಡೆಯುತ್ತಾ ಅಂತ ಲೆಕ್ಕ ಹಾಕಬೇಕಮ್ಮಾ," ಎಂದೆ.

"ಲೆಕ್ಕ ಏನಕ್ಕಪ್ಪಾ? ಮೊದ್ಲು ಗುಂಡುಕಲ್ ಮಲಗಿಸಿ ತೂಗ್ತೀವಿ. ಆಮೇಲೆ ಕೂಸು. ನಮ್ಮಲ್ಲಿ ಯಾವಾಗ್ಲೂ ಇಂಗೇಯ."

ನಾನು ಮುಗುಳ್ನಕ್ಕೆ. ಎಂ.ಟೆಕ್. ಮಾಡಿದವನ ಮುಂದೆ ರುಬ್ಬುವ ಗುಂಡೇ? ತೊಲೆ ಅಳೆದೆ, ಕೊಕ್ಕೆ ಅಳೆದೆ, ಎರಡು ಹಾಳೆ ಲೆಕ್ಕ ಬರೆದೆ. ಕೊನೆಯ ಪರೀಕ್ಷೆಗೆ ನನ್ನನ್ನೇ ಭಾರವಾಗಿ ನೇಮಿಸಿಕೊಂಡೆ. ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ಹತ್ತಿ, ಹಗ್ಗ ಹಿಡಿದು ನೇತಾಡಿದೆ. ತೊಲೆ ಮಿಸುಕಲಿಲ್ಲ. ಕೊಕ್ಕೆಯೂ ಮಿಸುಕಲಿಲ್ಲ. ಗೆದ್ದೆ ಎಂದುಕೊಂಡು ಕುರ್ಚಿಯ ಮೇಲೆ ಕಾಲಿಟ್ಟೆ.

ಲಟಕ್!

ಬಲಗಾಲು ಕುರ್ಚಿಯೊಳಗೆ ತೊಡೆಯವರೆಗೆ ಇಳಿದಿತ್ತು. ಒಡೆದ ಅಂಚು ಎಳೆದಷ್ಟೂ ಚುಚ್ಚುತ್ತಿತ್ತು. ಕುರ್ಚಿ ತೊಟ್ಟುಕೊಂಡು ಮಹಡಿ ಹತ್ತುವುದು ಸಾಧ್ಯವೇ ಇರಲಿಲ್ಲ. ಜಯಮ್ಮನವರೇ ನನ್ನ ಲ್ಯಾಪ್‌ಟಾಪ್ ತಂದು ಟೀವಿ ಮೇಜಿನ ಮೇಲಿಟ್ಟು, ಕೊಬ್ಬರಿ ಎಣ್ಣೆ ಹಿಡಿದು ನನ್ನ ಕಾಲ ಬಳಿ ಕುಳಿತರು. ಹನ್ನೊಂದು ಹೊಡೆಯಿತು. ಎರಡು ವರ್ಷ ಕಾದಿದ್ದ ಸಂದರ್ಶನ!

"ಅದೇನ್ರೀ ಸದ್ದು?" ಎಂದರು ತೆರೆಯ ಮೇಲಿನ ಹಿರಿಯ ಪ್ರಾಧ್ಯಾಪಕರು. ಪುಣ್ಯಕ್ಕೋ ಪಾಪಕ್ಕೋ ಕನ್ನಡದವರು.

"ಕುರ್ಚಿ ಸರ್."

"ಸರಿಯಾಗಿ ಕೂತ್ಕೊಳ್ಳಿ ಮತ್ತೆ."

"ಆಗಲ್ಲ ಸರ್. ಕಾಲು ಸಿಕ್ಕಾಕ್ಕೊಂಡಿದೆ."

ಬೇರೆ ದಾರಿಯಿಲ್ಲದೆ ಕ್ಯಾಮೆರಾ ಬಗ್ಗಿಸಿ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡರು.

"ಒಳ್ಳೇದೇ ಆಯ್ತು. ವಸ್ತು ಏಕೆ ಮುರಿಯುತ್ತೆ ಅಂತ ಮೊದಲೇ ಹೇಳೋದು ನಿಮ್ಮ ಗುರಿ ಅಂತ ಬರ್ದಿದ್ದೀರಿ. ಈಗಾಗ್ಲೇ ಮುರಿದಿರೋದನ್ನೇ ಹೇಳಿ. ಬಿರುಕು ಎಲ್ಲಿ ಶುರುವಾಯ್ತು? ಯಾಕೆ?"

ತೊಲೆಯ ಬಗ್ಗೆ ಕೇಳಿದ್ದರೆ ಎರಡು ಹಾಳೆ ಓದುತ್ತಿದ್ದೆ. ಕುರ್ಚಿಯನ್ನು ನಾನು ತಿರುಗಿಯೂ ನೋಡಿರಲಿಲ್ಲ.

ಎಣ್ಣೆ ಸವರುತ್ತಿದ್ದ ಜಯಮ್ಮನವರು ತೆರೆಯತ್ತ ಕತ್ತೆತ್ತಿದರು. "ಮೂರ್ ವರ್ಸ ತಾರಸಿ ಬಿಸ್ಲಲ್ಲಿ ಬಿದ್ದಿತ್ತು ಸ್ವಾಮಿ. ಮುಂದ್ಗಡೆ ಕಾಲ್ ಸೇರೋ ಮೂಲೇಲಿ ಆಗ್ಲೇ ಬಿರ್ಕು ಬಿಟ್ಟಿತ್ತು. ಸಂಡಿಗೆ ಮೊರ ಇಡಾಕ್ ಇಟ್ಕಂಡಿದ್ದೆ. ಈವಪ್ಪ ಒಂದ್ ಮಾತ್ ಕೇಳ್ದೆ ಅದರ್ ಮೇಲೆ ನಿಂತವ್ನೆ."

ಪ್ರಾಧ್ಯಾಪಕರು ತಲೆದೂಗಿ ಏನನ್ನೋ ಬರೆದುಕೊಂಡರು. "ಸರಿಯಾದ ಉತ್ತರ. ಇವರೂ ಅರ್ಜಿ ಹಾಕಿದ್ದಾರಾ?"

ಮರುದಿನ ಗುಂಡುಕಲ್ಲು ತೊಟ್ಟಿಲಲ್ಲಿ ಮಲಗಿ ಸುಖವಾಗಿ ತೂಗಿಸಿಕೊಂಡಿತು. ಬೆನ್ನಿಗೇ ಕೂಸೂ ತೂಗಿಸಿಕೊಂಡಿತು. ನನ್ನ ಎರಡು ಹಾಳೆಗಳನ್ನು ಯಾರೂ ಕೇಳಲಿಲ್ಲ.

ಮುಂದಿನ ವಾರ ಆಯ್ಕೆಯಾದವರ ಪಟ್ಟಿ ಬಂತು. ಮೇಲಿನಿಂದ ಕೆಳಗೆ ಎರಡು ಸಲ ಓದಿದೆ. ನನ್ನ ಹೆಸರಿಲ್ಲ. ಸದ್ಯ, ಜಯಮ್ಮನವರದೂ ಇಲ್ಲ.