ಅತಿ ಕಲಿತ ಪೈಲಟ್

ಕಲಿತದ್ದನ್ನೆಲ್ಲ ಹೇಳಿಕೊಳ್ಳುವ ಚಪಲ ಇಲ್ಲದಿದ್ದರೆ ಶ್ರೀವತ್ಸನ ಆ ಭಾನುವಾರ ಚೆನ್ನಾಗಿಯೇ ಕಳೆಯುತ್ತಿತ್ತು.

ಖಾಸಗಿ ಪೈಲಟ್ ಲೈಸೆನ್ಸ್ ಕೈಗೆ ಬಂದು ವರ್ಷವಾಗಿತ್ತು. ಮೊದಲ ಪ್ರಯಾಣಿಕಳಾಗಿ ಹೆಂಡತಿ ಧಾರಿಣಿಯನ್ನೇ ಕೂರಿಸಿಕೊಂಡು ಹಾರಬೇಕೆಂಬುದು ಅವನ ಆಸೆ. ಆದರೆ ಗ್ರೇಟರ್ ನೋಯ್ಡಾದ ಅವರ ಅಪಾರ್ಟ್‌ಮೆಂಟಿನಲ್ಲಿ ಎದುರುಮನೆಯ ಸೋಮಶೇಖರ ಇದ್ದರಲ್ಲ, ಕೇಂದ್ರ ಸರ್ಕಾರದ ನಿವೃತ್ತ ಅಧಿಕಾರಿ, ಅವರು ಅಡ್ಡಗಾಲು ಹಾಕಿದ್ದರು.

"ಮಿನಿಮಮ್ ಟ್ರೈನಿಂಗ್ ಅಷ್ಟೇನಾ ಆಗಿರೋದು? ಸರ್ಕಾರದ ಮಿನಿಮಮ್ ಹೇಗೆ ಗೊತ್ತುಮಾಡ್ತಾರೆ ಅಂತ ನನಗ್ಗೊತ್ತಪ್ಪಾ. ಅಂಥ ಮೀಟಿಂಗುಗಳಲ್ಲಿ ಕೂತು ಸಮೋಸ ತಿಂದವನು ನಾನು. ಇನ್ನಷ್ಟು ಕಲಿ!"

ಧಾರಿಣಿಯೂ ಹೂಂ ಎಂದಳು. ಶ್ರೀವತ್ಸ ಛಲ ಬಿಡದೆ ವರ್ಷವಿಡೀ ಕಲಿತ. ಈಗ ಫ್ಲೈಯಿಂಗ್ ಕ್ಲಬ್ಬಿನ ವಿಮಾನ ಕಾಯ್ದಿರಿಸಿ, ಧಾರಿಣಿಯನ್ನೂ ಸೋಮಶೇಖರ ದಂಪತಿಯನ್ನೂ ಕಾರಿನಲ್ಲಿ ಹೇರಿಕೊಂಡು ಹೊರಟಿದ್ದ. ಸೋಮಶೇಖರರ ಹೆಂಡತಿ ಪದ್ಮಾ ಅವರ ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ.

"ಏನೇನು ಕಲಿತೆ, ಹೇಳಪ್ಪಾ," ಎಂದರು ಸೋಮಶೇಖರ.

"ಆಕಾಶದಲ್ಲಿ ಎಂಜಿನ್ ನಿಂತುಹೋದ್ರೆ ಹೊಲದಲ್ಲಿ ಇಳಿಸೋದು ಈಗ ನೀರು ಕುಡಿದಷ್ಟು ಸುಲಭ, ಅಂಕಲ್."

ಧಾರಿಣಿ ಥಟ್ಟನೆ ತಿರುಗಿದಳು. "ಎಂಜಿನ್ ನಿಂತುಹೋಗತ್ತಾ? ಇಷ್ಟು ದಿನ ಹೇಳಲೇ ಇಲ್ಲ!"

"ನಿಲ್ಲಲ್ಲ ಕಣೇ. ಒಂದು ವೇಳೆ ನಿಂತರೆ ಅಂತ."

"ನಿಲ್ಲದೇ ಇರೋದಕ್ಕೆ ಟ್ರೈನಿಂಗ್ ಯಾಕೆ?"

ಮಾತು ತಿರುಗಿಸಲು ಅಡ್ಡಗಾಳಿಯಲ್ಲಿ ಇಳಿಯುವ ವಿದ್ಯೆ ವರ್ಣಿಸಿದ. ಪದ್ಮಾ ರಸ್ತೆಬದಿಯ ಬೇವಿನೆಲೆ ಅಲುಗುತ್ತಿದೆಯೇ ಎಂದು ನೋಡತೊಡಗಿದರು. ಮಂಜಿನಲ್ಲಿ ಸಿಕ್ಕಿಕೊಂಡರೆ ಬರೀ ಮೀಟರು ನೋಡಿ ಹಾರಿಸುವುದನ್ನು ಹೇಳಿದ. ಸೋಮಶೇಖರ ಕಾರಿನ ಬೆಲ್ಟನ್ನೇ ಬಿಗಿದುಕೊಂಡರು. ಬಿಟ್ಟಿ ಆರೋಗ್ಯ ಶಿಬಿರಕ್ಕೆ ಹೋದವರಿಗೆ ಇಲ್ಲದ ಕಾಯಿಲೆಯೆಲ್ಲ ಹೊಳೆಯುವ ಹಾಗೆ, ಅವನ ಒಂದೊಂದು ವಿದ್ಯೆಗೂ ಅವರಿಗೊಂದು ಹೊಸ ಗಂಡಾಂತರ ಗೊತ್ತಾಗುತ್ತಿತ್ತು.

ಕ್ಲಬ್ ತಲುಪಿದರೂ ಧಾರಿಣಿ ಕಾರಿನಿಂದ ಇಳಿಯಲಿಲ್ಲ. "ಇಷ್ಟೊಂದು ಕಲೀಬೇಕಾಯ್ತು ಅಂದ್ರೆ... ನಂಗ್ಯಾಕೋ ಭಯ ರೀ."

ಶ್ರೀವತ್ಸನಿಗೆ ಅಳುವೇ ಬಂತು. ಇವಳಿಗಾಗಿಯೇ ತಾನೆ ಅಷ್ಟೆಲ್ಲ ಕಲಿತದ್ದು! "ಒಂದೇ ಒಂದು ಸುತ್ತು ಬಾರೇ," ಎಂದು ಗೋಗರೆದ.

ಅಷ್ಟರಲ್ಲಿ ಕಪ್ಪು ಕನ್ನಡಕದ ಯುವಕನೊಬ್ಬ ನಗುತ್ತ ಬಂದ. ಸೋಮಶೇಖರರ ಅಕ್ಕನ ಮಗ ಚರಣ್. ಅದೇ ಕ್ಲಬ್ಬಿನಲ್ಲಿ ಕಲಿತು ಹೋದ ವಾರವಷ್ಟೇ ಲೈಸೆನ್ಸ್ ಪಡೆದಿದ್ದ.

"ಎಂಜಿನ್ ನಿಂತರೆ ಏನು ಮಾಡ್ತೀಯೋ?" ಪದ್ಮಾ ಕೇಳಿಯೇಬಿಟ್ಟರು.

"ಅರೇ ಅತ್ತೆ, ಯಾಕೆ ನಿಲ್ಲತ್ತೆ? ಕುಛ್ ನಹೀಂ ಹೋತಾ!"

"ಮತ್ತೆ ಅಡ್ಡಗಾಳಿ?" ಎಂದಳು ಧಾರಿಣಿ.

"ಗಾಳಿ ಎಲ್ಲಿದೆ ಆಂಟಿ? ಚಲೋ, ಚಲೋ, ನಾನೇ ಒಂದು ಸುತ್ತು ಹಾರಿಸ್ಕೊಂಡು ಬರ್ತೀನಿ!"

ಧಾರಿಣಿಯ ಮುಖ ಅರಳಿತು. ಕಾರಿನ ಬಾಗಿಲು ತೆರೆಯಿತು.

"ಅಂಕಲ್, ಇವನಿಗೆ ಬರೀ ಮಿನಿಮಮ್ ಆಗಿರೋದು!" ಶ್ರೀವತ್ಸ ಕೂಗಿದ.

"ಸರ್ಕಾರ ಸುಮ್ಮಸುಮ್ಮನೆ ಲೈಸೆನ್ಸ್ ಕೊಡತ್ತೇನಪ್ಪಾ?" ಎನ್ನುತ್ತ ಸೋಮಶೇಖರ ನಡೆದೇಬಿಟ್ಟರು.

ಶ್ರೀವತ್ಸ ಕಾಯ್ದಿರಿಸಿದ್ದ ವಿಮಾನಕ್ಕೆ ಇದ್ದದ್ದು ನಾಲ್ಕೇ ಸೀಟು. ಚಿತ್ರಾನ್ನದ ಡಬ್ಬಿ ಅಪ್ಪಿಕೊಂಡು ಅವನು ನೆಲದ ಮೇಲೇ ನಿಂತ. ಕಲಿತ ಗಂಡಾಂತರಗಳೆಲ್ಲ ಒಟ್ಟಿಗೆ ನೆನಪಾಗಿ, ವಿಮಾನ ಇಳಿಯುವವರೆಗೂ ಮನೆದೇವರಿಗೆ ಹರಕೆ ಹೊರುತ್ತಲೇ ಇದ್ದ.

ವಿಮಾನ ಇಳಿಯಿತು, ಸ್ವಲ್ಪ ಕುಪ್ಪಳಿಸಿಕೊಂಡೇ. ಧಾರಿಣಿ ಕೆದರಿದ ಕೂದಲಲ್ಲಿ ಓಡಿಬಂದು ಗಂಡನ ಕೈ ಹಿಡಿದಳು.

"ಎಷ್ಟು ಚೆನ್ನಾಗಿತ್ತು ಗೊತ್ತಾ ರೀ! ನಿಮ್ಮ ಜೊತೆಗೂ ಖಂಡಿತ ಬರ್ತೀನಿ. ಅದಕ್ಕೆ ಮುಂಚೆ ನೀವು ಚರಣ್ ಹತ್ತಿರ ಸ್ವಲ್ಪ ಟ್ರೈನಿಂಗ್ ತಗೊಂಡುಬಿಡಿ."