ಜುಟ್ಟಿನ ಗಿಡುಗದ ಬೆನ್ನು ಹತ್ತಿ

ಕೊರಳಿಗೆ ದುರ್ಬೀನು ಹಾಕಿಕೊಂಡು ನಮ್ಮ ಕಡೆ ಹೊರಟವನಿಗೆ ಹಕ್ಕಿ ಸಿಗದಿದ್ದರೂ ಫಜೀತಿ ಸಿಕ್ಕೇ ಸಿಗುತ್ತದೆ. ನಾನು ಇಂಡಿಯಲ್ಲಿ ಮಾಸ್ತರ. ರಜೆ ಬಂದರೆ ಸಿಂದಗಿ, ಮುದ್ದೇಬಿಹಾಳ ಎನ್ನದೆ ಜುಟ್ಟಿನ ಗಿಡುಗ ಹುಡುಕುತ್ತೇನೆ. ಅದು ಕಾಡಿನ ಹಕ್ಕಿ, ನಮ್ಮ ಬಯಲಲ್ಲಿ ಬಲು ಅಪರೂಪ. ಕಂಡೆ ಎಂದರೆ ತಿಳಿದವರು ‘ಹಾದಿ ತಪ್ಪಿ ಬಂದಿರಬೇಕು’ ಎಂದು ನಗುತ್ತಾರೆ. ಒಂದು ಗೂಡು ತೋರಿಸಿದರೆ ಮಾತ್ರ ಅದು ಇಲ್ಲಿಯದೇ ಎಂದು ಒಪ್ಪುತ್ತಾರೆ. ಆ ಒಂದು ಗೂಡಿಗಾಗಿ ಜೀವ ಹಪಹಪಿಸುತ್ತಿತ್ತು.

ಬಿಸಿ ರೊಟ್ಟಿ

ದೇವಣಗಾಂವದ ರೈತರೊಬ್ಬರು ಫೋನು ಮಾಡಿದರು. ‘ಸರ, ನಿಮ್ಮ ಜುಟ್ಟಿನ ಹಕ್ಕಿ ನಮ್ಮ ಬೇವಿನ ಗಿಡದಾಗ ಕುಂತೈತಿ, ಲಗೂನ ಬರ್ರಿ.’ ಎದ್ದು ಬಿದ್ದು ಹೋದೆ. ಹೊಲಕ್ಕೆ ಕಾಲಿಡುವಷ್ಟರಲ್ಲಿ ಕೈಗೆ ತಾಟು ಬಂತು: ರೊಟ್ಟಿ, ಶೇಂಗಾ ಹಿಂಡಿ, ಮೊಸರು.

‘ಮೊದಲ ಹಕ್ಕಿ ನೋಡ್ತೇನ್ರಿ’ ಎಂದೆ.

‘ಬಂದವರು ಉಣ್ಣದ ಹೋಗೂದು ನಮ್ಮಲ್ಲಿ ಇಲ್ರಿ.’

ಎರಡನೇ ರೊಟ್ಟಿ ಮುರಿಯುವಾಗ ಬೇವಿನ ಮರದಿಂದ ದೊಡ್ಡ ರೆಕ್ಕೆಯೊಂದು ಬಡಿದ ಸದ್ದಾಯಿತು. ಎದ್ದು ನಿಂತೆ. ಅವರು ಭುಜ ಹಿಡಿದು ಕೂರಿಸಿದರು. ‘ಕೂಡ್ರಿ ಸರ. ಹಕ್ಕಿ ನಾಳೇನೂ ಬರತೈತಿ. ರೊಟ್ಟಿ ನಾಳಿತನಾ ಬಿಸಿ ಇರತೈತೇನು?’

ಸಾಹೇಬರು ಬಂದರು

ಬಸವನ ಬಾಗೇವಾಡಿ ಕಡೆ, ಮುಳವಾಡದ ಕಾಲುವೆ ದಂಡೆಯಲ್ಲಿ ಈಗ ಮರಗಳು ಒಳ್ಳೇ ಬೆಳೆದಿವೆ. ಅಲ್ಲಿ ದುರ್ಬೀನು ಹಿಡಿದು ನಿಂತಿದ್ದೇ ತಡ, ಜನ ಸೇರಿದರು. ನನ್ನನ್ನು ನೀರಾವರಿ ಸಾಹೇಬ ಮಾಡಿಯೇಬಿಟ್ಟಿದ್ದರು.

‘ನೀರು ಯಾವಾಗ ಬಿಡ್ತೀರಿ?’

‘ನಾನು ಗಿಡುಗ ನೋಡಾಕ ಬಂದೇನ್ರಿ.’

ಅಜ್ಜರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಬಂದ ಸಾಹೇಬ್ರೆಲ್ಲಾ ಮುಗಿಲು ನೋಡ್ತೀರಿ. ಕಾಲುವಿ ನೋಡೂದು ಯಾರು?’

ತವರು

ಕಡೆಗೆ ಗೂಡು ಸಿಕ್ಕಿದ್ದು ನಮ್ಮದೇ ತಾಲೂಕಿನ ಹಲಸಂಗಿ ಹತ್ತಿರ, ಒಂದು ಹೊಲದ ಮನೆಯ ಅಂಗಳದ ಹಳೇ ಹುಣಸೆ ಮರದಲ್ಲಿ. ಜುಟ್ಟು ಕಾಣುವಂತೆ ತಾಯಿ ಕಾವು ಕೂತಿತ್ತು. ಕಣ್ಣು ಮಂಜಾದವು. ದುರ್ಬೀನು ಇಳಿಸಿದರೆ ಬುಡದಲ್ಲಿ ಮರ ಕಡಿಯಲು ಬಂದ ಕಟ್ಟಿಗೆ ವ್ಯಾಪಾರಿ ಹಗ್ಗ ಹಿಡಿದು ನಿಂತಿದ್ದಾನೆ!

ಹೊಲದ ಗೌಡರಿಗೆ ಕೈ ಮುಗಿದೆ. ‘ಮಾತು ಕೊಟ್ಟೇನ್ರಿ ಸರ. ಒಂದು ಹಕ್ಕಿ ಸಲುವಾಗಿ ಮಾತು ಮುರೀಲೇನು?’ ಎಂದರು.

ಗೌಡತಿ ಹೊರಗೆ ಬಂದು ಕೇಳಿದರು, ‘ಆಕಿ ಮ್ಯಾಲ ಏನ್ ಮಾಡಾಕತ್ತಾಳ್ರಿ?’

‘ತತ್ತಿ ಇಟ್ಟಾಳ್ರಿ. ಕಾಡು ಬಿಟ್ಟು ಇಲ್ಲಿಗಿ ಬಂದಾಳ.’

ಅವರು ಗಂಡನ ಕಡೆ ತಿರುಗಿದರು. ‘ಹಡಿಯಾಕ ತವರಿಗಿ ಬಂದಾಕಿನ್ನ ಹೊರಗ ಹಾಕ್ತೀರೇನು?’

ವ್ಯಾಪಾರಿ ಹಗ್ಗ ಸುತ್ತಿಕೊಂಡ. ಗೌಡರು ಮೀಸೆ ಸವರಿಕೊಂಡು ಆಕಾಶ ನೋಡಿದರು.

ಮರಿಯಾದ ಮೇಲೆ ಮತ್ತೆ ಹೋದೆ. ಅದು ಕೋಳಿ ತತ್ತಿಯನ್ನೂ ಹೊಸಿಲೊಳಗೆ ಬಿಡದ ಮನೆ. ಆ ಅಂಗಳದ ನಡುವೆ, ರಂಗೋಲಿ ಪಕ್ಕದಲ್ಲೇ, ಅರ್ಧ ತಿಂದ ಇಲಿ ಬಿದ್ದಿತ್ತು. ಗೌಡರು ಇದಕ್ಕೇ ಕಾದಿದ್ದವರಂತೆ ಹೆಂಡತಿಯನ್ನು ಕರೆದರು. ‘ಬಾ, ನೋಡು ನಿನ್ನ ಮಗಳ ಕೆಲಸ!’

ಗೌಡತಿ ಮೂಗಿಗೆ ಸೆರಗು ಹಿಡಿದು, ಸಲಿಕೆಯಿಂದ ಇಲಿ ಎತ್ತಿ ದೂರ ಒಗೆದು ಬಂದರು. ಅಂಗಳಕ್ಕೆ ನೀರು ಹೊಡೆದರು. ಆಮೇಲೆ ಗಂಡನಿಗೆ ಹೇಳಿದರು:

‘ಮಗಳು ನಮ್ಮಾಕೀನ. ಊಟ ಅಷ್ಟ ಅತ್ತೀ ಮನೀದು.’