ಫ್ಲಾಸ್ಕಿನ ರಕ್ತದೊತ್ತಡ

ಉರುಗ್ವೆ ದೇಶದ ಸಾಂತಾ ಕ್ಲೋತಿಲ್ದೆ ನಗರಸಭೆಯ ಆರೋಗ್ಯ ವಿಭಾಗ ನಡೆಸಿದ ಉಚಿತ ತಪಾಸಣೆಯಲ್ಲಿ ಊರಿನ ವಯಸ್ಕರೆಲ್ಲರಿಗೂ ಅಧಿಕ ರಕ್ತದೊತ್ತಡ ಇರುವುದು ದೃಢಪಟ್ಟಿತು. ಎಲ್ಲರಿಗೂ ಎಂದರೆ ಪಾದ್ರಿಗೂ, ಫುಟ್‌ಬಾಲ್ ತಂಡದ ಗೋಲ್‌ಕೀಪರಿಗೂ, ತಪಾಸಣೆಯನ್ನು ಉದ್ಘಾಟಿಸಿದ ಮೇಯರಿಗೂ.

ಕಾರಣ ಹುಡುಕಲು ಡಾಕ್ಟರ್ ಗ್ರಾಸಿಯೆಲಾ ಬೆಂತಾಂಕೂರ್ ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಉರುಗ್ವೆಯ ಮನುಷ್ಯನ ಎಡಗಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು ಇರುತ್ತದೆ. ಕೈಯಲ್ಲಿ ಯೆರ್ಬಾ ಸೊಪ್ಪು ತುಂಬಿದ ಸೋರೆಬುರುಡೆ. ಕೊಳವೆಯಲ್ಲಿ ಕಷಾಯ ಹೀರುತ್ತಲೇ ಅವನು ಬಸ್ಸು ಹತ್ತುತ್ತಾನೆ, ಜಗಳವಾಡುತ್ತಾನೆ, ಹೆಣಕ್ಕೆ ಹೆಗಲು ಕೊಡುತ್ತಾನೆ. ಬಿಪಿ ಪಟ್ಟಿ ಕಟ್ಟುವಾಗಲೂ ಯಾರೊಬ್ಬರೂ ಫ್ಲಾಸ್ಕು ಕೆಳಗಿಟ್ಟಿರಲಿಲ್ಲ, ಬಾಯಿ ಮುಚ್ಚಿರಲೂ ಇಲ್ಲ. ಕಂಕುಳು ಬಿಗಿಹಿಡಿದು ಹರಟುತ್ತ ಕೂತವರ ಒತ್ತಡ ಏರದೆ ಇನ್ನೇನಾದೀತು? ಡಾಕ್ಟರು ಫ್ಲಾಸ್ಕು ಕೆಳಗಿಡಿಸಿ ಮತ್ತೆ ಅಳೆಯಬೇಕೆಂದರು. ಊರು ಅವರನ್ನು ಬಟ್ಟೆ ಬಿಚ್ಚಿ ಎಂದವರಂತೆ ನೋಡಿತು.

ವಿಭಾಗದ ಮುಖ್ಯಸ್ಥ ಲುಸಿಯಾನೊ ಬಾರ್ರಿಯೋಲಾ ವಿವೇಕಿ. ಅವನು ಜನರನ್ನು ನೋಯಿಸದೆ ಸುತ್ತೋಲೆ ಹೊರಡಿಸಿದ: "ಫ್ಲಾಸ್ಕು ನಾಗರಿಕನ ದೇಹದ ಭಾಗವೆಂದು ಪರಿಗಣಿಸತಕ್ಕದ್ದು. ಅದರಿಂದುಂಟಾಗುವ ಒತ್ತಡವನ್ನು ಒಟ್ಟು ಒತ್ತಡದಿಂದ ಕಳೆಯತಕ್ಕದ್ದು. ಸಣ್ಣ ಫ್ಲಾಸ್ಕಿಗೆ ಇಪ್ಪತ್ತು, ದೊಡ್ಡದಕ್ಕೆ ಮೂವತ್ತು." ಮರುದಿನವೇ ಊರಿಗೆ ಊರೇ ಗುಣವಾಯಿತು. ಪೇಟೆಯಲ್ಲಿ ದೊಡ್ಡ ಫ್ಲಾಸ್ಕುಗಳು ಖಾಲಿಯಾದವು.

ಹೀಗೆ ಗುಣವಾದವರಲ್ಲಿ ನಗರಸಭೆಯ ಲಾರಿ ಓಡಿಸುವ ಎಲ್ಬಿಯೊ ತೆಚೇರಾ ಒಬ್ಬ. ಅವನದು ನೂರ ಅರವತ್ತೆಂಟು. ಮೂವತ್ತು ಕಳೆದರೆ ನೂರ ಮೂವತ್ತೆಂಟು. ಆ ಸಂತೋಷಕ್ಕೆ ಅವನು ಭಾನುವಾರ ಕೆಂಡದ ಮೇಲೆ ಬೇಯುತ್ತಿದ್ದ ಪಕ್ಕೆಲುಬಿನ ಮಾಂಸಕ್ಕೆ ಎರಡು ಹಿಡಿ ಹರಳುಪ್ಪು ಹೆಚ್ಚಿಗೆ ಎರಚಿದ.

ಅವನ ಹೆಂಡತಿ ಮಿರೇಯಾ ಮಾತ್ರ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಎಲ್ಬಿಯೊನ ಅಣ್ಣ ಇದೇ ಮೇಜಿನಲ್ಲಿ, ಕೈಯಲ್ಲಿ ಫೋರ್ಕು ಹಿಡಿದಂತೆಯೇ ಪಕ್ಕಕ್ಕೆ ವಾಲಿದ್ದ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಆ ಬೆಳಗ್ಗೆಯೂ ಅವನು ತನಗೇನೂ ಆಗಿಲ್ಲ, ಎತ್ತಿನ ಹಾಗಿದ್ದೇನೆ ಎಂದಿದ್ದ.

"ನನಗೂ ಏನೂ ಆಗಿಲ್ವಲ್ಲ ಮುದುಕಿ," ಎಂದ ಎಲ್ಬಿಯೊ.

"ಅದಕ್ಕೇ ನನಗೆ ಭಯ, ಮುದುಕಾ."

ಮಿರೇಯಾ ಪಕ್ಕದ ಮನೆಯಿಂದ ಬಿಪಿ ಯಂತ್ರ ಕೇಳಿ ತಂದಳು. ಊಟದ ನಂತರದ ನಿದ್ದೆಯಲ್ಲಿದ್ದ ಗಂಡನ ಕಂಕುಳಿಂದ ಫ್ಲಾಸ್ಕನ್ನು ಮಗುವಿನಂತೆ ಮೆಲ್ಲಗೆ ಬಿಡಿಸಿ ಅಳೆದಳು. ಗೊರಕೆ ಹೊಡೆಯುತ್ತಲೇ ಅವನು ನೂರ ಐವತ್ತೆಂಟು ತೋರಿಸಿದ. ಮರುದಿನವೂ ಅಷ್ಟೇ. ಅವಳು ನೇರ ಬಾರ್ರಿಯೋಲಾನ ಮುಂದೆ ಹೋಗಿ ಕೂತಳು, ಗಂಡನಿಗೆ ಚಿಕಿತ್ಸೆ ಬೇಕು ಎಂದಳು. ಬಾರ್ರಿಯೋಲಾ ಸಾವಧಾನವಾಗಿ ಕೇಳಿಸಿಕೊಂಡ.

"ಫ್ಲಾಸ್ಕಿಲ್ಲದ ಎಲ್ಬಿಯೊನನ್ನ ಈ ಊರಲ್ಲಿ ಯಾರೂ ನೋಡಿಲ್ಲ ಸೆನ್ಯೋರಾ. ನೀವು ಅಳೆದದ್ದು ಯಾರನ್ನ ಅಂತ ನಾನು ಹೇಗೆ ನಂಬಲಿ?"

"ನನ್ನ ಮಂಚದ ಮೇಲೆ ಇನ್ಯಾರು ಮಲಗಿರ್ತಾರೆ?"

ಅದು ತನ್ನ ವಿಭಾಗಕ್ಕೆ ಸಂಬಂಧಿಸಿದ ವಿಷಯವಲ್ಲ ಎಂದ ಬಾರ್ರಿಯೋಲಾ. ಕಡತದ ಪ್ರಕಾರ ಎಲ್ಬಿಯೊ ಆರೋಗ್ಯವಂತ. ಆರೋಗ್ಯವಂತನಿಗೆ ಮಾತ್ರೆ ಕೊಡುವುದು ಅಪರಾಧ.

ಮಿರೇಯಾ ಏಳಲಿಲ್ಲ. ಅವನ ಕಂಕುಳಿನ ಫ್ಲಾಸ್ಕನ್ನೇ ನೋಡಿದಳು.

"ಹಾಗಾದ್ರೆ ನೀವು ಲೆಕ್ಕದಲ್ಲಿ ಕಳೆದ ಮೂವತ್ತು ಯಾರದು ಸ್ವಾಮಿ?"

"ಫ್ಲಾಸ್ಕಿನದು."

"ಅಂದ್ರೆ ಕಾಯಿಲೆ ಫ್ಲಾಸ್ಕಿಗೆ. ಅದೂ ದೇಹದ ಭಾಗ ಅಂತ ನೀವೇ ಬರೆದಿದೀರಿ. ಚಿಕಿತ್ಸೆ ಕೊಡಿ ಅದಕ್ಕೆ."

ಬಾರ್ರಿಯೋಲಾ ನಿಯಮಾವಳಿಯನ್ನು ಹಿಂದುಮುಂದಾಗಿ ತಿರುವಿದ. ಫ್ಲಾಸ್ಕಿಗೆ ಚಿಕಿತ್ಸೆ ಕೊಡಬಾರದೆಂದು ಎಲ್ಲಿಯೂ ಇರಲಿಲ್ಲ. ಸಂಜೆಯೊಳಗೆ 'ಎಲ್ಬಿಯೊ ತೆಚೇರಾ ಅವರ ಫ್ಲಾಸ್ಕು, ಸ್ಟೀಲು, ಒಂದು ಲೀಟರು' ಎಂಬ ರೋಗಿಯ ಹೆಸರು ಆಸ್ಪತ್ರೆಯಲ್ಲಿ ನೋಂದಾಯಿತವಾಯಿತು.

ಡಾಕ್ಟರ್ ಬೆಂತಾಂಕೂರ್ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ತಪಾಸಣೆಗೆ ಮುಂಚೆ ರೋಗಿಗೆ ಐದು ನಿಮಿಷ ವಿಶ್ರಾಂತಿ ಬೇಕೆಂದು ಫ್ಲಾಸ್ಕನ್ನು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದರು. ಜೊತೆಗೆ ಬಂದವರು ಬೆನ್ನು ಒರಗಿಸಿ, ಪಾದ ನೆಲಕ್ಕೂರಿ, ತುಟಿ ಪಿಟಕ್ಕೆನ್ನದೆ ಇರಬೇಕು. ಇಲ್ಲದಿದ್ದರೆ ರೋಗಿಗೆ ಗಾಬರಿಯಾಗುತ್ತದೆ. ಎಲ್ಬಿಯೊ ಉಸಿರು ಬಿಗಿಹಿಡಿಯಲು ಹೋದ, ಅದೂ ಬೇಡವೆಂದರು. ಫ್ಲಾಸ್ಕಿಗೆ ತೋಳಿಲ್ಲದ ಕಾರಣ ಪಟ್ಟಿಯನ್ನು ಅವನ ತೋಳಿಗೆ ಕಟ್ಟಿದರು. ಬೇರೆ ಬೇರೆ ದಿನ ಕರೆಸಿ ನೋಡಿದರು. ನೂರ ಅರವತ್ತರಿಂದ ಇಳಿಯಲಿಲ್ಲ.

"ಇದು ಒಳಗೊಳಗೇ ತಿನ್ನೋ ಕಾಯಿಲೆ," ಎಂದರು ಡಾಕ್ಟರು, ಫ್ಲಾಸ್ಕಿನ ಕಡೆ ತಿರುಗಿ. "ಹೊರಗೆ ಏನೂ ಗೊತ್ತಾಗಲ್ಲ."

"ಪಾಪ, ಒಂದಿನ ಬಾಯಿ ಬಿಟ್ಟು ಹೇಳ್ಲಿಲ್ಲ," ಎಂದ ಎಲ್ಬಿಯೊ. ಅವನ ಕಣ್ಣು ತುಂಬಿತ್ತು.

ಚಿಕಿತ್ಸೆಯ ಆದೇಶ ಬಂತು. ರೋಗಿಯನ್ನು ದಿನಾ ಸಂಜೆ ಅರ್ಧ ಗಂಟೆ ನದಿದಂಡೆಯಲ್ಲಿ ಬಿರುಸಾಗಿ ನಡೆಸತಕ್ಕದ್ದು. ರೋಗಿ ಇರುವ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಸಾಸೇಜು ಇಡತಕ್ಕದ್ದಲ್ಲ. ರೋಗಿಯ ಹತ್ತಿರ ಸಿಗರೇಟು ಸೇದತಕ್ಕದ್ದಲ್ಲ. ಬಿಸಿನೀರಿನಲ್ಲಿ ಮಾತ್ರೆ ಕೆಡುವುದರಿಂದ, ರೋಗಿಯನ್ನು ಹೊತ್ತವರೇ ಅದರ ಪರವಾಗಿ ಮಾತ್ರೆಯನ್ನು ದಿನವೂ ತಪ್ಪದೆ ನುಂಗತಕ್ಕದ್ದು.

ತನಗಾಗಿ ಎಲ್ಬಿಯೊ ಇದರಲ್ಲಿ ಒಂದನ್ನೂ ಮಾಡುತ್ತಿರಲಿಲ್ಲ. ಆದರೆ ಫ್ಲಾಸ್ಕು ಅವನ ತಂದೆಯದು. ಅವನು ನಡೆದ, ನುಂಗಿದ, ಸಿಗರೇಟು ಬಿಟ್ಟ. ಉಳಿದವರೂ ತಮ್ಮ ತಮ್ಮ ಫ್ಲಾಸ್ಕುಗಳನ್ನು ತಪಾಸಣೆಗೆ ತಂದರು. ಅರ್ಧಕ್ಕರ್ಧ ಫ್ಲಾಸ್ಕುಗಳಿಗೆ ಏನೂ ಇರಲಿಲ್ಲ. ಉಳಿದವಕ್ಕೆ ನಿಜವಾಗಿಯೂ ಇತ್ತು. ಸಂಜೆಯ ಹೊತ್ತು ನದಿದಂಡೆಯಲ್ಲಿ ಎದುರಾದವರು "ನಿಮ್ಮದು ಹೇಗಿದೆ?" ಎಂದು ಪರಸ್ಪರ ಕಂಕುಳು ನೋಡಿ ವಿಚಾರಿಸತೊಡಗಿದರು.

ಚಳಿಗಾಲ ಕಳೆಯುವಷ್ಟರಲ್ಲಿ ಎಲ್ಬಿಯೊನ ಫ್ಲಾಸ್ಕು ನೂರ ಇಪ್ಪತ್ತಾರಕ್ಕೆ ಇಳಿಯಿತು. ಬಾರ್ರಿಯೋಲಾ ಮನೆಗೇ ಬಂದು, ರೋಗಿ ಗುಣವಾಗಿದೆ, ಇನ್ನು ಮಾತ್ರೆ ನಿಲ್ಲಿಸಬಹುದು ಎಂದು ಘೋಷಿಸಿದ. ಮಿರೇಯಾಳ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. ಅವಳು ಗಂಡನ ಮುಖ ನೋಡಿದಳು.

"ಮಾತ್ರೆ ನುಂಗೋದ್ರಿಂದ ಇಳಿದಿದೆ. ಬಿಟ್ರೆ ಮತ್ತೆ ಏರುತ್ತೆ ಅಂತ ಡಾಕ್ಟ್ರು ಹೇಳಿದಾರೆ," ಎಂದ ಎಲ್ಬಿಯೊ. ಆಮೇಲೆ ಅತಿಥಿಯ ಕಿವಿಯ ಹತ್ತಿರ ಬಾಗಿ ದನಿ ತಗ್ಗಿಸಿದ. "ಅದರ ಮುಂದೆ ಇಂಥ ಮಾತೆಲ್ಲ ಆಡ್ಬೇಡಿ. ಮನಸ್ಸಿಗೆ ಹಚ್ಕೊಳ್ಳುತ್ತೆ."

ಬಾರ್ರಿಯೋಲಾ ಟೋಪಿ ತೆಗೆದು ಫ್ಲಾಸ್ಕಿನ ಕ್ಷಮೆ ಕೇಳಿದ. ಮಿರೇಯಾ ಅವನಿಗೂ ಒಂದು ತಟ್ಟೆ ಹಾಕಿ, ಉಪ್ಪಿಲ್ಲದ ಪಕ್ಕೆಲುಬು ಬಡಿಸಿದಳು.